ಸುಟ್ಟಗಾಯಕ್ಕೆ ‘ಆಕಸ್ಮಿಕ’ ಎಂದು ಬರೆಯುವ ಮುನ್ನ: ಮೂವರು ಸಚಿವರಿಗೆ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಮಾನ್ಯ ಕಾರ್ಮಿಕ ಸಚಿವರಿಗೆ ಹಾಗೂ ಮಾನ್ಯ ಇಂಧನ ಸಚಿವರಿಗೆ,

ಮಾನ್ಯರೇ,

ನಾನು ಸರ್ಕಾರಿ ಆಸ್ಪತ್ರೆಯೊಂದರ ಸುಟ್ಟಗಾಯದ ವಾರ್ಡಿನಲ್ಲಿ ದೀರ್ಘಕಾಲ ಶುಶ್ರೂಷಾಧಿಕಾರಿಯಾಗಿದ್ದು ನಿವೃತ್ತಳಾದವಳು. ಹಾಸಿಗೆ ಸಾಲದು, ಔಷಧ ಸಾಲದು, ಸಿಬ್ಬಂದಿ ಸಾಲದು ಎಂಬ ಪತ್ರಗಳು ತಮ್ಮ ಕಚೇರಿಗಳಿಗೆ ದಿನವೂ ಬರುತ್ತಿರುತ್ತವೆ; ಅವೆಲ್ಲ ನಿಜವೂ ಹೌದು, ಆದರೆ ನಾನು ಬರೆಯುತ್ತಿರುವುದು ಅದಕ್ಕಲ್ಲ. ಸುಟ್ಟಗಾಯವಾದವರನ್ನು ಕ್ಯಾಷುವಾಲಿಟಿಗೆ ತಂದಾಗ ಮೊದಲು ತೆರೆಯುವ ಎಂ.ಎಲ್.ಸಿ. (ಪೊಲೀಸರಿಗೆ ತಿಳಿಸಬೇಕಾದ ವೈದ್ಯಕೀಯ-ಕಾನೂನು ಪ್ರಕರಣಗಳ) ರಿಜಿಸ್ಟರಿನಲ್ಲಿ, ಗಾಯ ಹೇಗಾಯಿತು ಎಂದು ಬರೆಯಲು ಎರಡು ಬೆರಳಗಲದ ಜಾಗವಿರುತ್ತದೆ. ನಾನು ಕಂಡ ರಿಜಿಸ್ಟರುಗಳಲ್ಲಿ ಆ ಜಾಗವನ್ನು ತುಂಬುತ್ತಿದ್ದದ್ದು ಬಹುಪಾಲು ಒಂದೇ ಮಾತು: ‘ಆಕಸ್ಮಿಕ ಬೆಂಕಿ’. ಅದನ್ನೇ ನೋಡಿಕೊಂಡು ವಾರ್ಡಿನ ಕೇಸ್ ಶೀಟಿಗೆ ಇಳಿಸುತ್ತಿದ್ದವರಲ್ಲಿ ನಾನೂ ಒಬ್ಬಳು. ಆ ಎರಡು ಬೆರಳಗಲದ ಜಾಗದ ಬಗ್ಗೆ ತಮ್ಮ ಮೂರು ಇಲಾಖೆಗಳು ಒಟ್ಟಿಗೆ ಕುಳಿತು ಯೋಚಿಸಬೇಕೆಂಬುದು ನನ್ನ ವಿನಂತಿ.

ಒಬ್ಬ ಹುಡುಗನ ವಿಷಯದಿಂದ ಶುರು ಮಾಡುತ್ತೇನೆ. ವಯಸ್ಸು ಹದಿನಾರರ ಆಸುಪಾಸು ಇದ್ದಿರಬೇಕು. ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ದವನು. ಭಟ್ಟಿಯಲ್ಲಿ ಅಕ್ಕಿಯನ್ನು ಹುರಿಯುವುದು ಕೆಂಡದಂತೆ ಕಾದ ಮರಳಿನಲ್ಲಿ. ಅವನ ಎರಡೂ ಮುಂಗೈ ಮತ್ತು ಒಂದು ಪಾದದ ಮೇಲೆ ಆ ಮರಳಿನ ಕಾಳುಗಳು ಇನ್ನೂ ಅಂಟಿಕೊಂಡಿದ್ದವು. ನಾನೇ ಸಲೈನಿನಲ್ಲಿ ತೊಳೆದು ತೆಗೆದೆ. ಜೊತೆಗೆ ಬಂದಿದ್ದ ಮಾಲೀಕರು ಎರಡು ದಿನ ಹಣ್ಣು, ಔಷಧ ಎಂದು ಖರ್ಚು ನೋಡಿಕೊಂಡರು. ‘ಮನೆಯಲ್ಲಿ ಸ್ಟವ್ ಹಚ್ಚುವಾಗ ಆಯಿತು’ ಎಂದು ಹೇಳಿಕೆ ಕೊಟ್ಟವರೂ ಅವರೇ. ಹುಡುಗನ ತಾಯಿ ಪಕ್ಕದಲ್ಲೇ ನಿಂತಿದ್ದರು, ಮಾತಾಡಲಿಲ್ಲ. ಅವರೂ ಅದೇ ಭಟ್ಟಿಯಲ್ಲಿ ಕೆಲಸಕ್ಕಿದ್ದವರೆಂದು ನನಗೆ ಆಮೇಲೆ ತಿಳಿಯಿತು. ಆರು ತಿಂಗಳ ನಂತರ, ಬೆರಳುಗಳು ಸೆಟೆದು ಮಡಚಿಕೊಂಡ ಮಗನನ್ನು ಕರೆದುಕೊಂಡು, ಪರಿಹಾರಕ್ಕೆ ಕಾಗದ ಬೇಕೆಂದು ಅವರು ಬಂದರು. ಕಾಗದದಲ್ಲಿ ‘ಮನೆ, ಸ್ಟವ್, ಆಕಸ್ಮಿಕ’ ಎಂದಿತ್ತು. ಕೆಲಸದ ನಿಮಿತ್ತ, ಕೆಲಸದ ಅವಧಿಯಲ್ಲಿ ಆದ ಗಾಯಕ್ಕೆ ಮಾತ್ರ ಪರಿಹಾರ ಕೊಡುವ ಕಾನೂನಿನ ಮುಂದೆ ಆ ಮೂರು ಪದಗಳಿಂದ ಹುಡುಗನ ಹಕ್ಕು ಮುಗಿದುಹೋಗಿತ್ತು. ಮರಳು ತೊಳೆದ ಕೈ ನನ್ನದೇ ಆಗಿದ್ದರೂ ನಾನು ಕೇಸ್ ಶೀಟಿನಲ್ಲಿ ಮರಳಿನ ಮಾತು ಬರೆದಿರಲಿಲ್ಲ. ಅಂದಿನಿಂದ ನಾನೊಂದು ನೋಟ್‌ಬುಕ್ ಇಟ್ಟೆ. ಹೆಸರು ಬರೆಯದೆ, ಯಾವ ಹೊತ್ತು, ಎಲ್ಲಿ, ಯಾವ ವಸ್ತು, ಮೈಯ ಯಾವ ಭಾಗ ಎಂಬಷ್ಟನ್ನೇ ಬರೆಯುತ್ತಾ ಹೋದೆ.

ನೋಟ್‌ಬುಕ್ ತುಂಬುತ್ತಾ ಹೋದಂತೆ ‘ಆಕಸ್ಮಿಕ’ ಎಂಬ ಮಾತು ನನಗೆ ಬಾಯಿಗೆ ಬಾರದಾಯಿತು. ಪುಟ್ಟ ಮಕ್ಕಳು ಬರುವುದು ಹೆಚ್ಚಾಗಿ ಬೆಳಗಿನ ಸ್ನಾನದ ಹೊತ್ತಿಗೆ ಮತ್ತು ಸಂಜೆಯ ಅಡುಗೆಯ ಹೊತ್ತಿಗೆ. ಅಡಿಕೆ ಕೊಯ್ಲು ಶುರುವಾದರೆ ಬೇಯಿಸುವ ಹಂಡೆಯ ಚೊಗರು, ಅಂದರೆ ಅಡಿಕೆ ಬೆಂದ ನೀರು, ಮೈಮೇಲೆ ಚೆಲ್ಲಿಕೊಂಡವರು ಬರುತ್ತಾರೆ. ಆಲೆಮನೆಗಳು ಹೊತ್ತಿಕೊಂಡರೆ ಕೊಪ್ಪರಿಗೆಯ ಪಾಕ ಸಿಡಿಸಿಕೊಂಡವರು ಬರುತ್ತಾರೆ. ಕಬ್ಬಿನ ಪಾಕ ಕುದಿಯುವ ನೀರಿಗಿಂತ ಹೆಚ್ಚು ಬಿಸಿ, ಮೇಲಾಗಿ ಅದು ಜಾರಿಹೋಗದೆ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ. ಮದುವೆಯ ತಿಂಗಳುಗಳಲ್ಲಿ ಅಡುಗೆಯವರು, ಚಳಿಗಾಲದಲ್ಲಿ ಬೆಂಕಿ ಕಾಯಿಸಿಕೊಳ್ಳಲು ಕುಳಿತ ಮುದುಕರು. ದೀಪಾವಳಿಯ ಮೂರು ದಿನ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯವರು ಹೆಚ್ಚುವರಿ ಸಿದ್ಧತೆ ಮಾಡಿಕೊಂಡೇ ಕಾಯುತ್ತಾರೆ. ಪಂಚಾಂಗ ನೋಡಿ ಕಾಯಬಹುದಾದದ್ದನ್ನು ಆಕಸ್ಮಿಕ ಎನ್ನುವುದಾದರೂ ಹೇಗೆ?

ಲೆಕ್ಕ ತಪ್ಪಿದರೆ ಎಷ್ಟು ತಪ್ಪಬಹುದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, 2001ನೇ ಇಸವಿಯಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000 ಜನ ಎಂದು ಅಂದಾಜು ಮಾಡಿತು. ಪೊಲೀಸ್ ದಾಖಲೆಗಳಲ್ಲಿದ್ದ ಸಂಖ್ಯೆಯ ಆರು ಪಟ್ಟು ಅದು. ಸತ್ತವರಲ್ಲಿ ಸುಮಾರು 1,06,000 ಮಂದಿ ಹೆಂಗಸರು, ಅವರಲ್ಲಿ ಹೆಚ್ಚಿನವರು 15ರಿಂದ 34 ವರ್ಷದವರು. ಕೇಂದ್ರ ಸರ್ಕಾರದ ಸುಟ್ಟಗಾಯ ತಡೆ ಕಾರ್ಯಕ್ರಮದ ದಾಖಲೆಗಳೇ ವರ್ಷಕ್ಕೆ ಸುಮಾರು 70 ಲಕ್ಷ ಜನರಿಗೆ ಸುಟ್ಟಗಾಯವಾಗುತ್ತದೆ, 1.4 ಲಕ್ಷ ಜನ ಸಾಯುತ್ತಾರೆ ಎಂದು ಹೇಳುತ್ತವೆ. ಇವೆಲ್ಲ ಅಂದಾಜುಗಳು. ನಮ್ಮ ಒಂದು ಜಿಲ್ಲೆಯಲ್ಲಿ ಕಳೆದ ವರ್ಷ ಬಿಸಿನೀರಿನಿಂದ ಸುಟ್ಟ ಮಕ್ಕಳೆಷ್ಟು, ವಿದ್ಯುತ್ತಿನಿಂದ ಕೈ ಕಳೆದುಕೊಂಡ ಕಾರ್ಮಿಕರೆಷ್ಟು ಎಂದು ಕೇಳಿದರೆ, ‘ಆಕಸ್ಮಿಕ’ಗಳ ರಾಶಿಯಿಂದ ಅದನ್ನು ಹೆಕ್ಕಿ ತೆಗೆಯುವ ದಾರಿಯೇ ಇಲ್ಲ.

ಮಕ್ಕಳ ವಿಷಯದಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಮಕ್ಕಳು ಬೆಂಕಿಯಿಂದ ಸುಡುವುದಕ್ಕಿಂತ ಹೆಚ್ಚಾಗಿ ಬಿಸಿ ದ್ರವದಿಂದ ಸುಡುತ್ತಾರೆ. ನಮ್ಮ ಅನೇಕ ಮನೆಗಳಲ್ಲಿ ಅಡುಗೆಯೂ ಊಟವೂ ನೆಲದ ಮೇಲೆಯೇ. ಒಲೆಯಿಂದ ಇಳಿಸಿದ ಸಾರಿನ ಪಾತ್ರೆ ಅಂಬೆಗಾಲಿಡುವ ಮಗುವಿನ ಎದೆಯ ಮಟ್ಟಕ್ಕಿರುತ್ತದೆ. ಬಚ್ಚಲಿನಲ್ಲಿ ಮೊದಲು ಕುದಿನೀರನ್ನು ಬಕೆಟ್ಟಿಗೆ ಸುರಿದು, ಆಮೇಲೆ ತಣ್ಣೀರು ತರಲು ಹೋಗುವ ಅಭ್ಯಾಸ ನಮ್ಮದು. ಮಗು ಬಕೆಟ್ಟಿನಲ್ಲಿ ಕೈ ಅದ್ದುವುದು ಆ ಎರಡು ನಿಮಿಷದಲ್ಲೇ. ಬಕೆಟ್ಟಿನೊಳಗೆ ಕಾಯಿಲ್ ಹೀಟರ್ ಇಟ್ಟಿದ್ದರೆ ಬಿಸಿಯ ಜೊತೆಗೆ ಕರೆಂಟಿನ ಅಪಾಯವೂ ಸೇರುತ್ತದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ದೊಡ್ಡವರ ಚರ್ಮವನ್ನೂ ಐದಾರು ಸೆಕೆಂಡಿನಲ್ಲಿ ಆಳಕ್ಕೆ ಸುಡಬಲ್ಲದು. ಎಳೆಯ ಚರ್ಮಕ್ಕೆ ಅಷ್ಟು ಹೊತ್ತೂ ಬೇಡ. ದೊಡ್ಡವರಲ್ಲಿ ತಲೆ ಮತ್ತು ಕತ್ತು ಮೈಯ ಶೇ 9ರಷ್ಟಾದರೆ, ಹಸುಗೂಸಿನಲ್ಲಿ ಶೇ 18ರಷ್ಟು. ಹಾಗಾಗಿ ಒಂದು ಲೋಟ ಚಹಾ ದೊಡ್ಡವರಿಗೆ ಬೊಬ್ಬೆಯಾದರೆ ಮಗುವಿಗೆ ಡ್ರಿಪ್ ಹಾಕಿ ಮಲಗಿಸಬೇಕಾದ ಗಾಯವಾಗುತ್ತದೆ. 2023ರ ನವೆಂಬರಿನಲ್ಲಿ ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಎರಡನೇ ತರಗತಿಯ ಬಾಲಕಿಯೊಬ್ಬಳು ಬಿಸಿಯೂಟದ ಸಾಂಬಾರಿನ ಪಾತ್ರೆಗೆ ಬಿದ್ದು ತೀರಿಕೊಂಡಾಗ ಕೆಲವರ ಮೇಲೆ ಕ್ರಮವಾಯಿತು. ಆದರೆ ಪಾತ್ರೆ ನೆಲದ ಮೇಲೇಕೆ ಇತ್ತು, ಮಕ್ಕಳು ಓಡಾಡುವ ದಾರಿಗೂ ಅಡುಗೆಕೋಣೆಗೂ ನಡುವೆ ಎಷ್ಟು ಶಾಲೆಗಳಲ್ಲಿ ಒಂದು ಕಟ್ಟೆಯಾದರೂ ಇದೆ ಎಂಬ ಪ್ರಶ್ನೆ ಅಷ್ಟೇ ಜೋರಾಗಿ ಕೇಳಲಿಲ್ಲ.

ಅಡುಗೆಮನೆಯ ಹೆಂಗಸರ ಗಾಯಗಳಲ್ಲಿ ನಾನು ಕಂಡ ಕಾರಣಗಳು ಹಲವು. ನೆಲದ ಒಲೆ, ಜಾರುವ ಸೆರಗು, ಬೆಂಕಿ ತಗುಲಿದರೆ ಕರಗಿ ಮೈಗೆ ಅಂಟುವ ನೈಲಾನ್ ಸೀರೆ ಮತ್ತು ನೈಟಿ. ಉರಿಯುತ್ತಿರುವ ಚಿಮಣಿಗೇ ಎಣ್ಣೆ ಸುರಿಯುವುದು. ಬಾಯಿ ಕಟ್ಟಿದ ಕುಕ್ಕರ್. ಯಾರೂ ಹೆಚ್ಚು ಮಾತಾಡದ ಇನ್ನೊಂದು ಕಾರಣವನ್ನೂ ಹೇಳಬೇಕು, ಅದು ಮೂರ್ಛೆರೋಗ. ದಿನದ ಮಾತ್ರೆ ತಪ್ಪಿ, ಒಲೆಯ ಮುಂದೆ ಫಿಟ್ಸ್ ಬಂದು, ಮುಖ ಅಥವಾ ಕೈ ಕೆಂಡದೊಳಗೇ ಉಳಿದವರನ್ನು ನಾನು ಒಬ್ಬಿಬ್ಬರಲ್ಲ, ಹಲವರನ್ನು ನೋಡಿದ್ದೇನೆ. ಪ್ರಜ್ಞೆಯಿಲ್ಲದೆ ಸುಟ್ಟದ್ದರಿಂದ ಅವರ ಗಾಯ ಮೂಳೆಯವರೆಗೆ ಹೋಗಿರುತ್ತದೆ. ಅವರ ಸುಟ್ಟಗಾಯಕ್ಕೆ ಮದ್ದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪ್ಪದೆ ಸಿಗಬೇಕಾದ ಫಿಟ್ಸ್ ಮಾತ್ರೆ. ಆದರೆ ‘ಆಕಸ್ಮಿಕ’ ಎಂದು ಬರೆದ ಮೇಲೆ ಆ ಕೊಂಡಿ ಯಾರಿಗೂ ಕಾಣುವುದಿಲ್ಲ.

ಸೀಮೆಎಣ್ಣೆ ಕಡಿಮೆಯಾಗಿ ಗ್ಯಾಸ್ ಮನೆಮನೆಗೆ ಬಂದಿರುವುದು ದೊಡ್ಡ ಉಪಕಾರವೇ, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಗಾಯದ ಬಗೆ ಬದಲಾಗಿದೆ. ಸ್ಟವ್ ಒಬ್ಬರನ್ನು ಸುಡುತ್ತಿತ್ತು. ಸೋರಿದ ಗ್ಯಾಸ್ ಕೋಣೆಯಲ್ಲಿದ್ದವರನ್ನೆಲ್ಲ ಸುಡುತ್ತದೆ. ಅಡುಗೆ ಅನಿಲ ಗಾಳಿಗಿಂತ ಭಾರ. ಕಿಟಕಿ ಎತ್ತರದಲ್ಲಿದ್ದರೆ ಅದು ಹೊರಗೆ ಹೋಗದೆ ನೆಲದ ಮಟ್ಟದಲ್ಲೇ ಹರಡಿ, ಸ್ವಿಚ್ಚಿನ ಕಿಡಿಗೋ ದೇವರ ದೀಪಕ್ಕೋ ಕಾಯುತ್ತದೆ. 2024ರ ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಉಣಕಲ್ ಬಳಿ ದೇವಸ್ಥಾನದಲ್ಲಿ ರಾತ್ರಿ ಮಲಗಿದ್ದ ಒಂಬತ್ತು ಅಯ್ಯಪ್ಪ ಮಾಲಾಧಾರಿಗಳು ಗ್ಯಾಸ್ ಸೋರಿ ಬೆಂಕಿ ಹೊತ್ತಿಕೊಂಡು ಸುಟ್ಟರು, ಅವರಲ್ಲಿ ಎಂಟು ಮಂದಿ ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಸಿಲಿಂಡರಿನ ಹಿಡಿಕೆಯ ಪಟ್ಟಿಯ ಮೇಲೆ ಮುಂದಿನ ಪರೀಕ್ಷೆಯ ಅವಧಿಯನ್ನು ಒಂದು ಅಕ್ಷರ ಮತ್ತು ಎರಡು ಅಂಕಿಗಳಲ್ಲಿ ಬರೆದಿರುತ್ತಾರೆ. ವರ್ಷದ ನಾಲ್ಕು ತ್ರೈಮಾಸಿಕಗಳಿಗೆ ಇಂಗ್ಲಿಷಿನ ಮೊದಲ ನಾಲ್ಕು ಅಕ್ಷರಗಳು. ಸಿಲಿಂಡರ್ ಸೋರಿದರೆ ಕರೆ ಮಾಡಬೇಕಾದ ಸಂಖ್ಯೆ 1906. ನಾನು ಶುಶ್ರೂಷೆ ಮಾಡಿದ ಮನೆಗಳವರಲ್ಲಿ ಇವೆರಡನ್ನೂ ತಿಳಿದಿದ್ದವರು ಬೆರಳೆಣಿಕೆಯಷ್ಟು. ಅಧಿಕೃತ ಸಂಪರ್ಕವಿರುವ ಮನೆಯಲ್ಲಿ ಗ್ಯಾಸಿನಿಂದಲೇ ಅವಘಡವಾದರೆ ತೈಲ ಕಂಪನಿಗಳ ವಿಮೆಯಿಂದ ಪರಿಹಾರ ಕೇಳಬಹುದೆಂಬುದಂತೂ ಬಹುತೇಕ ಯಾರಿಗೂ ಗೊತ್ತಿಲ್ಲ. ಅದಕ್ಕೂ ದಾಖಲೆಯಲ್ಲಿ ‘ಗ್ಯಾಸ್’ ಎಂಬ ಪದವಿರಬೇಕು. ಬರೀ ‘ಬೆಂಕಿ’ ಎಂದರೆ ಆಗುವುದಿಲ್ಲ.

ಈಗ ಬರೆಯಲು ಕಷ್ಟವಾದ ಮಾತಿಗೆ ಬರುತ್ತೇನೆ. ‘ಸ್ಟವ್ ಸಿಡಿಯಿತು’ ಎಂಬ ಹೇಳಿಕೆಯನ್ನು ನನ್ನ ಸೇವಾವಧಿಯಲ್ಲಿ ಎಷ್ಟು ಬಾರಿ ಕೇಳಿದ್ದೇನೆಂದು ಲೆಕ್ಕವಿಟ್ಟಿಲ್ಲ. ಮದುವೆಯಾಗಿ ಎರಡು ಮೂರು ವರ್ಷವಾದ ಹೆಣ್ಣುಮಗಳು, ತಲೆಯಿಂದ ಪಾದದವರೆಗೆ ಸೀಮೆಎಣ್ಣೆಯ ವಾಸನೆ, ಆದರೆ ಮನೆಯಿಂದ ತಂದು ತೋರಿಸಿದ ಸ್ಟವ್ ಇಡಿಯಾಗಿಯೇ ಇದೆ. ಸ್ಟವ್ ಸಿಡಿದರೆ ಬೆಂಕಿ ಮೊದಲು ತಗಲುವುದು ಅದರ ಕಡೆಗಿದ್ದ ಭಾಗಕ್ಕೆ. ನೆತ್ತಿಯಿಂದ ಇಳಿದು ಬಂದ ಗಾಯ ಬೇರೆಯದೇ ಕಥೆ ಹೇಳುತ್ತದೆ. ಮರಣಪೂರ್ವ ಹೇಳಿಕೆ ಪಡೆಯುವಾಗ ಗಂಡನ ಮನೆಯವರು ಬಾಗಿಲಲ್ಲೇ ನಿಂತಿರುವುದನ್ನು ನೋಡಿದ್ದೇನೆ, ‘ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಸಿಸ್ಟರ್’ ಎಂದು ಕೇಳಿ ಆಕೆ ಸ್ಟವ್ ಎಂದೇ ಹೇಳಿದ್ದನ್ನೂ ಕೇಳಿದ್ದೇನೆ. ಮದುವೆಯಾದ ಏಳು ವರ್ಷದೊಳಗೆ ಸುಟ್ಟಗಾಯದಿಂದಾದ ಸಾವನ್ನು ಕಾನೂನು ವಿಶೇಷವಾಗಿ ನೋಡುತ್ತದೆ. ಬೆಂಗಳೂರಿನ ‘ವಿಮೋಚನಾ’ ಮಹಿಳಾ ಸಂಘಟನೆಯವರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಹೆಂಗಸರ ಜೊತೆ ಕುಳಿತು ಮಾತು ಕೇಳಿಸಿಕೊಂಡು, ಇಂಥ ಸಾವುಗಳನ್ನು ಹಿಂಬಾಲಿಸಿದ್ದು ನಮಗೆಲ್ಲ ಗೊತ್ತು. ಪ್ರತಿಯೊಂದು ಅಡುಗೆಮನೆಯ ಗಾಯವನ್ನೂ ಅಪರಾಧವೆಂದು ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ನಿಜವಾಗಿಯೂ ಸೆರಗು ಹೊತ್ತಿಕೊಂಡವರೇ ಹೆಚ್ಚು. ನಾನು ಹೇಳುವುದಿಷ್ಟೇ: ವೈದ್ಯರು ಗಾಯದ ವಿನ್ಯಾಸವನ್ನು, ವಾಸನೆಯನ್ನು, ಬಟ್ಟೆಯ ಬಗೆಯನ್ನು ಕಂಡಂತೆ ಬರೆದರೆ ಸಾಕು, ತೀರ್ಮಾನ ಮಾಡುವವರು ಬೇರೆ ಇದ್ದಾರೆ.

ಕೆಲಸದ ಸ್ಥಳದ ಗಾಯಗಳ ಬಗ್ಗೆ ಕಾರ್ಮಿಕ ಸಚಿವರಲ್ಲಿ ವಿಶೇಷವಾಗಿ ಅರಿಕೆ ಮಾಡಬೇಕಿದೆ. ಬಳ್ಳಾರಿಯ ಉಕ್ಕಿನ ಕಾರ್ಖಾನೆಗಳು, ಬೆಳಗಾವಿ ಮತ್ತು ಪೀಣ್ಯದ ಫೌಂಡ್ರಿಗಳಂಥ ಕಡೆ ಅವಘಡವಾದರೆ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯವರು ಬಂದು ನೋಡುತ್ತಾರೆ. ವಾರ್ಡಿಗೆ ಹೆಚ್ಚಾಗಿ ಬರುವವರು ಅಲ್ಲಿಯವರಲ್ಲ. ದರ್ಶಿನಿಯ ಬಾಣಲೆಯ ಮುಂದೆ ನಿಂತವನು, ಇಡ್ಲಿ ಸ್ಟೀಮರ್ ಮುಚ್ಚಳ ತೆಗೆದವಳು, ರಾಮನಗರ, ಶಿಡ್ಲಘಟ್ಟಗಳಲ್ಲಿ ದಿನವಿಡೀ ಬಿಸಿನೀರಿನ ಬೋಗುಣಿಯಲ್ಲಿ ಬೆರಳಾಡಿಸಿ ರೇಷ್ಮೆಗೂಡಿನಿಂದ ಎಳೆ ತೆಗೆಯುವವರು, ರಸ್ತೆಗೆ ಡಾಂಬರು ಹಾಕುವವರು, ಪಟಾಕಿ ತುಂಬಿದ ಗೋದಾಮಿನಲ್ಲಿ ಹಬ್ಬದ ಹದಿನೈದು ದಿನಕ್ಕೆಂದು ಕೂಲಿಗೆ ಬಂದ ಹುಡುಗರು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯ ಬೆಂಕಿಯಲ್ಲಿ ಸತ್ತವರಲ್ಲಿ ಹೆಚ್ಚಿನವರು ಹೀಗೆ ತಮಿಳುನಾಡಿನಿಂದ ಹಬ್ಬದ ವ್ಯಾಪಾರಕ್ಕೆ ಬಂದಿದ್ದ ಎಳೆಯರು. ಇವರು ಕಾನೂನಿನ ಕಣ್ಣಿಗೆ ಕಾಣುವುದೇ ಕಷ್ಟ. ವಿದ್ಯುತ್ ಬಳಸುವ ಘಟಕದಲ್ಲಿ ಹತ್ತು ಜನರಿದ್ದರೆ ಅದು ಕಾರ್ಖಾನೆ ಎಂದು 1948ರ ಕಾಯ್ದೆ ಹೇಳುತ್ತಿತ್ತು. ಔದ್ಯೋಗಿಕ ಸುರಕ್ಷತೆಯ 2020ರ ಸಂಹಿತೆ ಆ ಮಿತಿಯನ್ನು ಇಪ್ಪತ್ತಕ್ಕೆ ಏರಿಸಿದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಸೌಲಭ್ಯಕ್ಕೆ ಸಾಮಾನ್ಯವಾಗಿ ಹತ್ತು ಜನ ನೌಕರರಿರಬೇಕು. ಆರು ಜನರ ಭಟ್ಟಿ, ನಾಲ್ಕು ಜನರ ಆಲೆಮನೆ, ಮೂರು ಜನರ ವೆಲ್ಡಿಂಗ್ ಶಾಪು ಎಲ್ಲಿಗೆ ಸೇರಬೇಕು?

ಬೆಂಕಿಯೇ ಇಲ್ಲದೆ ಸುಡುವ ಕೆಲಸಗಳೂ ಇವೆ. ಹಸಿ ಸಿಮೆಂಟು ತೀಕ್ಷ್ಣ ಕ್ಷಾರ. ಕಾಂಕ್ರೀಟಿನ ಮೇಲೆ ಮಂಡಿಯೂರಿ ಕೆಲಸ ಮಾಡಿದ ಗಾರೆಯವರ ಮೊಣಕಾಲಿನ ಚರ್ಮ ಆ ಹೊತ್ತಿಗೆ ನೋಯದೆ, ರಾತ್ರಿ ಅಥವಾ ಮರುದಿನ ಕಪ್ಪಾಗಿ ಸುಲಿಯುತ್ತದೆ. ಅದನ್ನು ‘ಅಲರ್ಜಿ’ ಎಂದು ಬರೆದು ಮುಲಾಮು ಕೊಟ್ಟು ಕಳಿಸಿದ್ದನ್ನು ನೋಡಿದ್ದೇನೆ. ತಂಬಾಕಿಗೆ ಹಚ್ಚುವ ಸುಣ್ಣದ ಪುಟ್ಟ ಪ್ಯಾಕೆಟ್ಟನ್ನು ಹಿಸುಕಿ ಆಡುತ್ತಾ ಕಣ್ಣಿಗೆ ಸಿಡಿಸಿಕೊಂಡ ಮಕ್ಕಳ ಗಾಯವೂ ಇದೇ ಜಾತಿಯದು. ಆ್ಯಸಿಡ್ ಮಾರಾಟಕ್ಕೆ ಸುಪ್ರೀಂ ಕೋರ್ಟು 2013ರಲ್ಲಿ ಕಡಿವಾಣ ಹಾಕಿತು. ಕಕ್ಕಸು ತೊಳೆಯುವ ಆ್ಯಸಿಡ್ ಬಾಟಲಿ ಸಂತೆಯಲ್ಲಿ ಈಗ ಸಿಗುತ್ತದೋ ಇಲ್ಲವೋ ಎಂದು ತಮ್ಮ ಅಧಿಕಾರಿಗಳು ಒಮ್ಮೆ ಚೀಲ ಹಿಡಿದು ಹೋಗಿ ನೋಡಬಹುದು.

ವಿದ್ಯುತ್ ಗಾಯ ನೋಡುವವರ ಕಣ್ಣಿಗೆ ಮೋಸ ಮಾಡುತ್ತದೆ. ಅಂಗೈಯಲ್ಲೊಂದು ಕಪ್ಪು ಗುಳಿ, ಅಂಗಾಲಲ್ಲೊಂದು ಗುಳಿ, ನಡುವೆ ಚರ್ಮ ನೆಟ್ಟಗಿದೆ. ಆದರೆ ಒಳಗೆ ಸ್ನಾಯು ಬೆಂದಿರುತ್ತದೆ, ಮೂತ್ರ ಕಪ್ಪಾಗುತ್ತದೆ, ಮೂರನೆಯ ದಿನಕ್ಕೆ ಮೂತ್ರಪಿಂಡ ನಿಲ್ಲಬಹುದು, ಕೈಯನ್ನೇ ತೆಗೆಯಬೇಕಾಗಬಹುದು. ಇಂಥವರಲ್ಲಿ ಗುತ್ತಿಗೆಯ ಲೈನ್‌ಮ್ಯಾನ್‌ಗಳಿದ್ದರು. ಕಂಬದ ಮೇಲೆ ಅವರು ಇರುವಾಗಲೇ ಯಾರದೋ ಮನೆಯ ಜನರೇಟರಿನಿಂದ ಕರೆಂಟು ಹಿಂದಕ್ಕೆ ಹರಿದದ್ದೂ ಉಂಟು. ಕಬ್ಬಿಣದ ಸರಳು ಎತ್ತಿ ತಂತಿಗೆ ತಾಗಿಸಿದ ಕಟ್ಟಡ ಕಾರ್ಮಿಕರು, ಮಾಳಿಗೆಯಲ್ಲಿ ಆಡುತ್ತಿದ್ದ ಮಕ್ಕಳು ಇದ್ದರು. 11 ಕೆ.ವಿ. ತಂತಿಗೂ ಕಟ್ಟಡಕ್ಕೂ ಮೇಲ್ಗಡೆ 3.7 ಮೀಟರ್, ಪಕ್ಕಕ್ಕೆ 1.2 ಮೀಟರ್ ಅಂತರವಿರಬೇಕೆಂಬುದು ನಿಯಮ. ಬಾಲ್ಕನಿಯಿಂದ ಕೈಚಾಚಿದರೆ ತಂತಿ ಸಿಗುವ ಬಡಾವಣೆಗಳನ್ನು ತೋರಿಸಲು ನನಗೆ ಹೆಚ್ಚು ದೂರ ನಡೆಯಬೇಕಿಲ್ಲ. 2023ರ ನವೆಂಬರ್ 19ರಂದು ಬೆಂಗಳೂರಿನ ಕಾಡುಗೋಡಿಯ ಕಡೆ, ಕಾಲುದಾರಿಯಲ್ಲಿ ತುಂಡಾಗಿ ಬಿದ್ದಿದ್ದ ತಂತಿ ತುಳಿದು ತಾಯಿಯೂ ಒಂಬತ್ತು ತಿಂಗಳ ಮಗುವೂ ಸುಟ್ಟು ಸತ್ತರು. ಹಾಗೆ ಸುದ್ದಿಯಾಗದ ಗಾಯಗಳು ಯಾವ ಯಾವ ಕಂಬದ ಬಳಿ ಆದವೆಂದು ಆಸ್ಪತ್ರೆಗೆ ಗೊತ್ತಿರುತ್ತದೆ, ವಿದ್ಯುತ್ ಸುರಕ್ಷತೆಯನ್ನು ನೋಡಿಕೊಳ್ಳುವ ವಿದ್ಯುತ್ ಪರಿವೀಕ್ಷಣಾಲಯಕ್ಕೆ ಗೊತ್ತಾಗುವುದಿಲ್ಲ.

ಕಾರಣದಷ್ಟೇ ಮುಖ್ಯವಾಗಿ ದಾಖಲಾಗಬೇಕಾದದ್ದು ಹೊತ್ತು. ಸುಟ್ಟ ಕೂಡಲೇ ಇಪ್ಪತ್ತು ನಿಮಿಷ ಹರಿಯುವ ತಣ್ಣೀರು ಬಿಟ್ಟರೆ ಗಾಯದ ಆಳ ಕಡಿಮೆಯಾಗುತ್ತದೆ. ನಮ್ಮಲ್ಲಿ ನೀರು ಹಾಕಿದರೆ ಬೊಬ್ಬೆ ಏಳುತ್ತದೆಂದು ಹೆದರಿ, ದೋಸೆಹಿಟ್ಟು, ಇಂಕು, ಪೇಸ್ಟು, ಅರಿಸಿನ ಮೆತ್ತಿಕೊಂಡು ಬರುತ್ತಾರೆ. ಅದನ್ನು ಕೆರೆದು ತೆಗೆಯುವಾಗ ಆಗುವ ನೋವನ್ನು ಇಲ್ಲಿ ವರ್ಣಿಸುವುದಿಲ್ಲ. (ಹಿರಿಯರದ್ದೆಲ್ಲ ತಪ್ಪು ಎಂದಲ್ಲ, ಶುದ್ಧಗೊಳಿಸಿದ ಬಾಳೆಎಲೆ ಗಾಯಕ್ಕೆ ಅಂಟದ ಒಳ್ಳೆಯ ಹೊದಿಕೆಯೆಂದು ವೈದ್ಯರೇ ಬಳಸಿದ್ದಾರೆ.) ಆಮೇಲಿನ ಗಂಟೆಗಳು ಇನ್ನೂ ನಿರ್ಣಾಯಕ. ಸುಟ್ಟವರಿಗೆ ಎಷ್ಟು ಡ್ರಿಪ್ ಹಾಕಬೇಕೆಂದು ಲೆಕ್ಕ ಹಾಕಲು ಬಹುಕಾಲದಿಂದ ಬಳಕೆಯಲ್ಲಿರುವ ಪಾರ್ಕ್‌ಲ್ಯಾಂಡ್ ಸೂತ್ರದ ಪ್ರಕಾರ, 50 ಕಿಲೋ ತೂಕದ ವ್ಯಕ್ತಿಗೆ ಮೈಯ ಶೇ 30 ಭಾಗ ಸುಟ್ಟಿದ್ದರೆ ಮೊದಲ 24 ಗಂಟೆಯಲ್ಲಿ ಸುಮಾರು 6 ಲೀಟರ್ ದ್ರವ ಬೇಕು. ಅದರಲ್ಲಿ ಅರ್ಧ ಮೊದಲ ಎಂಟು ಗಂಟೆಯೊಳಗೆ ಹೋಗಬೇಕು; ಆ ಎಂಟು ಗಂಟೆಯನ್ನು ಎಣಿಸಬೇಕಾದದ್ದು ಸುಟ್ಟ ಗಳಿಗೆಯಿಂದ, ನಮ್ಮ ವಾರ್ಡಿಗೆ ಬಂದ ಗಳಿಗೆಯಿಂದಲ್ಲ. ತಾಲ್ಲೂಕು ಆಸ್ಪತ್ರೆಯಿಂದ ಬರೀ ಚೀಟಿ ಬರೆದು ಕಳಿಸಿ, ದಾರಿಯಲ್ಲಿ ಐದು ಗಂಟೆ ಕಳೆದು, ಒಂದೇ ಬಾಟಲಿ ಡ್ರಿಪ್ಪಿನೊಂದಿಗೆ ಬಂದವರು ಎಷ್ಟೋ ಮಂದಿ. ಕಳಿಸಿದವರ ಚೀಟಿಯಲ್ಲಿ ಸುಟ್ಟ ಹೊತ್ತು ಬರೆದಿರುವುದೇ ಅಪರೂಪ.

ಆದ್ದರಿಂದ ಕೇಳುತ್ತಿರುವುದು ಇಷ್ಟು. ರಾಜ್ಯದ ಪ್ರತಿ ಸರ್ಕಾರಿ ಹಾಗೂ ಖಾಸಗಿ ಆಸ್ಪತ್ರೆಯಲ್ಲಿ, ಸುಟ್ಟಗಾಯಕ್ಕೆ ಒಳರೋಗಿಯಾಗಿ ಸೇರಿಸಿಕೊಂಡ ಪ್ರತಿಯೊಬ್ಬರಿಗೂ ಒಂದೇ ಪುಟದ ನಮೂನೆ ತುಂಬುವುದನ್ನು ಕಡ್ಡಾಯ ಮಾಡಿ. ಹೊಸದಾಗಿ ಸಮಿತಿ ಕೂಡಿಸಿ ರಚಿಸಬೇಕಾಗಿಯೂ ಇಲ್ಲ: ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಆರಂಭಿಸಿದ ಜಾಗತಿಕ ಸುಟ್ಟಗಾಯ ನೋಂದಣಿಯ ನಮೂನೆ ಯಾವ ಆಸ್ಪತ್ರೆಗಾದರೂ ಉಚಿತವಾಗಿ ಸಿಗುತ್ತದೆ. ಅದನ್ನು ಕನ್ನಡಕ್ಕೆ ತಂದು, ನಮ್ಮ ಚಿಮಣಿ, ಬಚ್ಚಲ ಹಂಡೆ, ಕೊಪ್ಪರಿಗೆ, ಭಟ್ಟಿ ಮರಳು, ಹಸಿ ಸಿಮೆಂಟು, ಮೂರ್ಛೆ ಇವುಗಳಿಗೆ ಜಾಗ ಮಾಡಿದರೆ ಸಾಕು. ಕೆಲಸದ ಸ್ಥಳದ್ದು ಎಂದು ಗುರುತಾದ ಪ್ರಕರಣ, ಹೆಸರಿಲ್ಲದೆ, ತಿಂಗಳಿಗೊಮ್ಮೆ ಕಾರ್ಮಿಕ ಇಲಾಖೆಗೆ ಹೋಗಲಿ; ವಿದ್ಯುತ್ತಿನದು ಸ್ಥಳದ ವಿವರದೊಂದಿಗೆ ಪರಿವೀಕ್ಷಣಾಲಯಕ್ಕೆ ಹೋಗಲಿ. ಗಾಯಾಳುವಿನ ಹೇಳಿಕೆಯನ್ನು ಜೊತೆಗೆ ಬಂದ ಮಾಲೀಕರಿಂದಲೋ ಗಂಡನ ಮನೆಯವರಿಂದಲೋ ಪಡೆದಿದ್ದರೆ, ‘ಹೇಳಿದವರು ಯಾರು’ ಎಂದು ನಮೂನೆಯಲ್ಲಿ ಬರೆಯುವಂತಾಗಲಿ, ಮತ್ತು ಮೂರನೆಯ ದಿನ ಗಾಯಾಳುವನ್ನು ಒಬ್ಬರೇ ಇರುವಾಗ ಇನ್ನೊಮ್ಮೆ ಕೇಳಿ ತಿದ್ದಲು ಅವಕಾಶವಿರಲಿ. ಭಟ್ಟಿಯ ಹುಡುಗನಿಗೆ ಅಂದು ಈ ಒಂದು ಸಾಲು ಇದ್ದಿದ್ದರೆ ಸಾಕಾಗಿತ್ತು.

ಈಗಾಗಲೇ ಬರೆಯುವ ಕೆಲಸದಲ್ಲೇ ಮುಳುಗಿರುವ ದಾದಿಯರ ಮೇಲೆ ಇನ್ನೊಂದು ಕಾಗದ ಹೇರುವುದೇ ಎಂದು ನನ್ನ ಸಹೋದ್ಯೋಗಿಗಳು ಬೇಸರಪಡಬಹುದು. ಅವರ ಮಾತು ಸುಳ್ಳಲ್ಲ. ಅದಕ್ಕಾಗಿ ಸುಟ್ಟಗಾಯದ ವಾರ್ಡಿರುವ ಪ್ರತಿ ಆಸ್ಪತ್ರೆಗೆ ಒಬ್ಬ ದಾಖಲೆ ಸಹಾಯಕರನ್ನು ಕೊಡಿ. ಒಂದು ದೊಡ್ಡ ಗ್ರಾಫ್ಟ್ (ಚರ್ಮ ಕಸಿ) ಶಸ್ತ್ರಚಿಕಿತ್ಸೆಗೆ, ಅದರ ನಂತರದ ತಿಂಗಳುಗಳ ಡ್ರೆಸಿಂಗಿಗೆ ಆಗುವ ಖರ್ಚಿನ ಮುಂದೆ ಆ ಸಂಬಳ ಹೆಚ್ಚಿನದಲ್ಲ.

ನನ್ನ ನೋಟ್‌ಬುಕ್‌ಗಳು ಏಳು ಇವೆ. ಯಾರ ಹೆಸರೂ ಅವುಗಳಲ್ಲಿಲ್ಲ, ಆಸ್ಪತ್ರೆಯ ಸಂಖ್ಯೆಯೂ ಇಲ್ಲ. ನಮೂನೆಯಲ್ಲಿ ಏನೇನು ಕೇಳಬೇಕೆಂದು ತೀರ್ಮಾನಿಸುವ ದಿನ ಅವು ಉಪಯೋಗಕ್ಕೆ ಬರುತ್ತವೆಂದು ತಮ್ಮ ಇಲಾಖೆಗಳಿಗೆ ಅನ್ನಿಸಿದರೆ, ಹೇಳಿದ ಕಡೆಗೆ ನಾನೇ ತಂದು ಒಪ್ಪಿಸುತ್ತೇನೆ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶುಶ್ರೂಷಾಧಿಕಾರಿ